ವಿದ್ಯಾರ್ಥಿ ದರದ ಫೋಟೋಶಾಪ್: ಬಾಗಲಕೋಟೆಯ ಹುಡುಗರು ರೊಕ್ಕ ಕಟ್ಟುವ ಮುಂಚೆ ನೋಡಬೇಕಾದದ್ದು

ನವನಗರದಲ್ಲಾಗಲಿ ವಿದ್ಯಾಗಿರಿಯಲ್ಲಾಗಲಿ, ಕಾಲೇಜಿಗೆ ಹೋಗುವ ಹುಡುಗನೊಬ್ಬ ಫೋಟೋ ಎಡಿಟಿಂಗ್ ಕಲೀಬೇಕು ಅಂದರೆ ಮೊದಲು ಸಿಗುವ ಉತ್ತರ ಒಂದೇ: ‘ಪೆನ್‌ಡ್ರೈವ್ ತೊಗೊಂಡ್ ಬಾ, ಹಾಕಿ ಕೊಡ್ತೀನಿ.’ ಆ ಪೆನ್‌ಡ್ರೈವಿನ ಕಳ್ಳ ಪ್ರತಿ ಬೇಡ, ಸಾಫ್ಟ್‌ವೇರನ್ನು ಸರಿಯಾದ ದಾರಿಯಲ್ಲೇ ಕೊಳ್ಳಬೇಕು ಅನ್ನುವವರಿಗಾಗಿ ಈ ವಿಮರ್ಶೆ. ಫೋಟೋಶಾಪ್ ಮಾಡುವ ಅಡೋಬಿ ಕಂಪನಿಯ ವಿದ್ಯಾರ್ಥಿ ಪ್ಲ್ಯಾನ್, ಅಂದರೆ ವಿದ್ಯಾರ್ಥಿಗಳಿಗೆ ಕಡಿಮೆ ದರದ ಚಂದಾ, ಇಲ್ಲಿ ಮುಖ್ಯ ವಿಷಯ. ಪುಕ್ಕಟೆ ಸಿಗುವ ಅಫಿನಿಟಿ, ಗಿಂಪ್, ಡಾರ್ಕ್‌ಟೇಬಲ್, ಫೋಟೋಪಿಯಾಗಳನ್ನೂ ಅದರ ಪಕ್ಕಕ್ಕಿಟ್ಟು ನೋಡಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಬರೀ ಫೋಟೋ ತಿದ್ದುವುದನ್ನು ಕಲಿಯಲು ಹೊರಟವರಿಗೆ ಮೊದಲ ಆರು ತಿಂಗಳು ರೊಕ್ಕ ಕೊಡುವ ಅಗತ್ಯ ಇಲ್ಲ. ಫೋಟೋದ ಜೊತೆಗೆ ವಿಡಿಯೋ, ಪೋಸ್ಟರ್, ಪುಸ್ತಕದ ಪುಟವಿನ್ಯಾಸ ಎಲ್ಲವನ್ನೂ ಮಾಡುವವರಿಗೆ ವಿದ್ಯಾರ್ಥಿ ಪ್ಲ್ಯಾನ್ ಒಳ್ಳೆಯ ಬೆಲೆಗೆ ಸಿಗುವ ಒಳ್ಳೆಯ ಮಾಲು. ಆದರೆ ಅದರ ಪೆಟ್ಟು ಇರುವುದು ತಿಂಗಳ ಕಂತಿನಲ್ಲಲ್ಲ. ಎರಡನೇ ವರ್ಷದ ದರದಲ್ಲಿ ಮತ್ತು ನಡುವೆ ಬಿಟ್ಟರೆ ಬೀಳುವ ದಂಡದಲ್ಲಿ.

ವಿದ್ಯಾರ್ಥಿ ಪ್ಲ್ಯಾನ್‌ನಲ್ಲಿ ಫೋಟೋಶಾಪ್ ಒಂದೇ ಬರುವುದಿಲ್ಲ. ಲೈಟ್‌ರೂಮ್ (ರಾಶಿ ಫೋಟೋ ಆರಿಸಿ ತಿದ್ದಲು), ಇಲ್ಲಸ್ಟ್ರೇಟರ್ (ಚಿತ್ರ ಬರೆಯಲು), ಇನ್‌ಡಿಸೈನ್ (ಪುಟವಿನ್ಯಾಸಕ್ಕೆ), ಪ್ರೀಮಿಯರ್ ಮತ್ತು ಆಫ್ಟರ್ ಎಫೆಕ್ಟ್ಸ್ (ವಿಡಿಯೋಗೆ) ಸೇರಿ ಇಡೀ ಗಂಟು ಒಟ್ಟಿಗೆ ಬರುತ್ತದೆ. ಮೊದಲ ವರ್ಷ ಮಾಮೂಲಿ ದರದ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ ಅನ್ನುವುದು ನಿಜ. ಆದರೆ ಫೋಟೋಶಾಪ್ ಮತ್ತು ಲೈಟ್‌ರೂಮ್ ಮಾತ್ರ ಇರುವ ‘ಫೋಟೋಗ್ರಫಿ ಪ್ಲ್ಯಾನ್’ ಬೇರೆಯೇ ಇದೆ, ಅದಕ್ಕೆ ವಿದ್ಯಾರ್ಥಿ ರಿಯಾಯಿತಿ ಇಲ್ಲ. ಹಾಗಾಗಿ ‘ವಿದ್ಯಾರ್ಥಿ’ ಅನ್ನುವ ಪದ ಕಂಡ ಕೂಡಲೇ ಅದೇ ಅಗ್ಗ ಅಂದುಕೊಳ್ಳಬೇಡಿ. ಎರಡೂ ಪುಟಗಳನ್ನು ಒಂದೇ ದಿನ ತೆರೆದು ಮೂರು ವರ್ಷದ ಲೆಕ್ಕ ಹಾಕಿ: ಮೊದಲ ವರ್ಷದ ತಿಂಗಳ ದರ ಗುಣಿಸು 12, ಎರಡನೇ ಮತ್ತು ಮೂರನೇ ವರ್ಷದ ದರ ಗುಣಿಸು 24. ವಿದ್ಯಾರ್ಥಿ ಪ್ಲ್ಯಾನ್‌ನ ಮೊದಲ ವರ್ಷದ ದರ ದೊಡ್ಡ ಅಕ್ಷರದಲ್ಲಿರುತ್ತದೆ, ಮುಂದಿನ ವರ್ಷಗಳ ಏರಿದ ದರ ಅದರ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಶೇ. 18ರ ಜಿಎಸ್‌ಟಿ ತೋರಿಸಿದ ದರದಲ್ಲೇ ಇದೆಯೋ ಆಮೇಲೆ ಕೂಡುತ್ತದೋ ಅನ್ನುವುದನ್ನು ಕಾರ್ಡ್ ನಂಬರ್ ಹಾಕುವ ಪುಟದ ಒಟ್ಟು ಮೊತ್ತದಲ್ಲೇ ನೋಡಬೇಕು.

ಯಾರು ವಿದ್ಯಾರ್ಥಿ ಅನ್ನುವುದರಲ್ಲೇ ನಮ್ಮ ಕಡೆಯ ಬಹಳ ಮಂದಿ ಎಡವುತ್ತಾರೆ. ಮಾನ್ಯತೆ ಪಡೆದ ಶಾಲೆ, ಅಥವಾ ಕನಿಷ್ಠ ಎರಡು ವರ್ಷದ ಪೂರ್ಣಾವಧಿ ಓದಿಗೆ ಪದವಿ ಕೊಡುವ ಕಾಲೇಜು, ವಿಶ್ವವಿದ್ಯಾಲಯ ಇರಬೇಕು. ಬಿಎ, ಬಿಕಾಂ, ಇಂಜಿನಿಯರಿಂಗ್ ಓದುವವರಿಗೆ ಅಡ್ಡಿ ಇಲ್ಲ. ಶಿಕ್ಷಕರಿಗೂ ಇದೇ ದರ. ಕಂಪ್ಯೂಟರ್ ಸೆಂಟರ್‌ನಲ್ಲಿ ಮೂರು ತಿಂಗಳ ಡಿಟಿಪಿ ಕೋರ್ಸ್ ಸೇರಿದವರಿಗೆ ಆ ಸರ್ಟಿಫಿಕೇಟಿನ ಮೇಲೆ ಸಿಗುವುದಿಲ್ಲ. ‘ನಮ್ಮಲ್ಲಿ ಸೇರಿದರೆ ವಿದ್ಯಾರ್ಥಿ ಲೈಸೆನ್ಸ್ ಕೊಡಿಸುತ್ತೇವೆ’ ಎಂದು ಯಾರಾದರೂ ಫೀಗೆ ಸೇರಿಸಿ ರೊಕ್ಕ ಕೇಳಿದರೆ, ಅದು ಯಾರ ಹೆಸರಿನ ಖಾತೆಯಲ್ಲಿ ಬರುತ್ತದೆ ಎಂದು ಕೇಳಿ. ನಿಮ್ಮ ಮೇಲ್, ನಿಮ್ಮ ಪಾಸ್‌ವರ್ಡ್ ಇಲ್ಲದ ಲೈಸೆನ್ಸ್ ನಿಮ್ಮದಲ್ಲ.

ಕಾಲೇಜು ಕೊಟ್ಟ ಮೇಲ್ ವಿಳಾಸ ಇದ್ದರೆ ಪರಿಶೀಲನೆ ಸುಲಭ. ಇಲ್ಲದಿದ್ದರೆ ಕಾಗದ ತೋರಿಸಬೇಕು: ಗುರುತಿನ ಚೀಟಿ, ಅಂಕಪಟ್ಟಿ ಅಥವಾ ಫೀ ರಸೀದಿ. ಕಾಗದದ ಮೇಲೆ ಮೂರು ಸಂಗತಿ ಕಾಣಬೇಕು: ನಿಮ್ಮ ಹೆಸರು, ಸಂಸ್ಥೆಯ ಹೆಸರು, ಇತ್ತೀಚಿನ ತಾರೀಕು. ಆರು ತಿಂಗಳ ಒಳಗಿನ ತಾರೀಕು ಇರಬೇಕು. ಕೆಡುವುದು ಎರಡು ಕಡೆ. ಒಂದು, ನಮ್ಮ ಗುರುತಿನ ಚೀಟಿಗಳ ಮೇಲೆ ಎಷ್ಟೋ ಸಲ ವರ್ಷವೇ ಇರುವುದಿಲ್ಲ, ಇದ್ದರೂ ಪ್ರವೇಶ ಪಡೆದ ವರ್ಷ ಇರುತ್ತದೆ. ಆಗ ಈ ಸೆಮಿಸ್ಟರಿನ ಫೀ ರಸೀದಿಯೇ ವಾಸಿ. ಎರಡು, ಹೆಸರಿನ ಕ್ರಮ. ಉತ್ತರ ಕರ್ನಾಟಕದ ಕಾಗದಗಳಲ್ಲಿ ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ತಂದೆಯ ಹೆಸರು ನಡುವೆ ಪೂರ್ತಿ, ಮತ್ತೊಂದರಲ್ಲಿ ಬರೀ ಒಂದಕ್ಷರ. ಖಾತೆ ತೆರೆಯುವಾಗ ಯಾವ ಕಾಗದ ತೋರಿಸುತ್ತೀರೋ ಅದರಲ್ಲಿದ್ದ ಹಾಗೇ, ಅದೇ ಸ್ಪೆಲ್ಲಿಂಗ್‌ನಲ್ಲಿ ಹೆಸರು ಬರೆಯಿರಿ. ಕೈಬರಹದ ರಸೀದಿಗಿಂತ ಮುದ್ರಿತ ರಸೀದಿ, ಕನ್ನಡದ ಕಾಗದಕ್ಕಿಂತ ಇಂಗ್ಲಿಷಿನ ಕಾಗದ ಸುರಕ್ಷಿತ. ಫೋಟೋ ಹೊಡೆಯುವಾಗ ನಾಲ್ಕೂ ಮೂಲೆ ಕಾಣಲಿ, ಲ್ಯಾಮಿನೇಶನ್ ಮೇಲೆ ಟ್ಯೂಬ್‌ಲೈಟ್ ಹೊಳೆಯದಿರಲಿ.

ರೊಕ್ಕ ಕಟ್ಟುವಾಗ ಬ್ಯಾಂಕಿನ ಕಡೆಯಿಂದ ಬರುವ ತೊಡಕು ಬೇರೆ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡ್ ಕೈಗೆ ಬಂದಾಗ ಎಟಿಎಂ ಮತ್ತು ಅಂಗಡಿಯ ಸ್ವೈಪಿಗಷ್ಟೇ ತೆರೆದಿರುತ್ತದೆ. ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ಕೆಲವು ಸಾಫ್ಟ್‌ವೇರ್ ಕಂಪನಿಗಳ ಬಿಲ್ ಹೊರದೇಶದಿಂದ ಬರುವುದರಿಂದ ಅಂತರರಾಷ್ಟ್ರೀಯ ವ್ಯವಹಾರದ ಗುಂಡಿಯನ್ನೂ ನೋಡಿಕೊಳ್ಳಿ. ತಿಂಗಳು ತಿಂಗಳು ತಾನಾಗಿಯೇ ಕಟಾವಾಗುವ ವ್ಯವಸ್ಥೆಗೆ ಮೊದಲ ಸಲ ಒಟಿಪಿ ಕೊಟ್ಟು ಒಪ್ಪಿಗೆ ಕೊಡಬೇಕು. ಆಮೇಲೆ ಪ್ರತಿ ಕಟಾವಿಗೆ 24 ಗಂಟೆ ಮುಂಚೆ ಬ್ಯಾಂಕಿನಿಂದ ಸಂದೇಶ ಬರುತ್ತದೆ. 2022ರ ಜೂನ್‌ನಿಂದ ಇಂಥ ಕಟಾವಿಗೆ ₹15,000ದ ವರೆಗೆ ಮತ್ತೆ ಒಟಿಪಿ ಕೇಳುವುದಿಲ್ಲ. ಆ ಸಂದೇಶವನ್ನು ಜಾಹೀರಾತು ಅಂದುಕೊಂಡು ಅಳಿಸಬೇಡಿ. ಏರಿದ ದರ ಕಾಣಿಸುವ ಕೊನೆಯ ಜಾಗ ಅದೇ. ಅಪ್ಪನ ಕಾರ್ಡಿನಿಂದ ಕಟ್ಟಿದರೆ ಸಂದೇಶ ಅಪ್ಪನ ಫೋನಿಗೆ ಹೋಗುತ್ತದೆ ಅನ್ನುವುದು ನೆನಪಿರಲಿ, ಅವರಿಗೆ ಮೊದಲೇ ಹೇಳಿಡಿ.

ಈಗ ದಂಡದ ಮಾತು. ‘ವಾರ್ಷಿಕ, ತಿಂಗಳ ಕಂತು’ ಅಂದರೆ ತಿಂಗಳ ಚಂದಾ ಅಲ್ಲ. ಒಂದು ವರ್ಷದ ಕರಾರು, ಕಂತಿನಲ್ಲಿ ಕಟ್ಟುವುದು ಅಷ್ಟೇ. ಕೊಂಡ 14 ದಿನದೊಳಗೆ ಬೇಡ ಅಂದರೆ ಪೂರ್ತಿ ವಾಪಸ್. 15ನೇ ದಿನದಿಂದ, ಉಳಿದ ತಿಂಗಳುಗಳ ಮೊತ್ತದ ಅರ್ಧ ಕಟ್ಟಬೇಕು. ತಿಂಗಳಿಗೆ ₹1,000 ಎಂದು ಇಟ್ಟುಕೊಳ್ಳಿ. ನಾಲ್ಕು ತಿಂಗಳು ಕಟ್ಟಿ, ಪರೀಕ್ಷೆ ಬಂತೆಂದು ಬಿಟ್ಟರೆ ಉಳಿದ ಎಂಟು ತಿಂಗಳ ₹8,000ದಲ್ಲಿ ₹4,000 ಒಮ್ಮೆಲೇ ಹೋಗುತ್ತದೆ. ಈ ದಂಡವನ್ನು ಗ್ರಾಹಕರ ಕಣ್ಣಿಗೆ ಸರಿಯಾಗಿ ಕಾಣಿಸಿಲ್ಲ, ಬಿಡುವ ದಾರಿಯನ್ನು ಕಷ್ಟ ಮಾಡಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ದಾವೆಯನ್ನೇ ಹೂಡಿತು. ಆದ್ದರಿಂದ ಸೆಮಿಸ್ಟರ್ ಶುರುವಾಗುವಾಗ ಕೊಳ್ಳಿ, ಮೊದಲ ಹತ್ತು ದಿನ ದಿನವೂ ಬಳಸಿ, 13ನೇ ದಿನಕ್ಕೆ ಫೋನಿನಲ್ಲಿ ಅಲಾರಾಂ ಇಡಿ. ಇನ್ನೊಂದು ಅಲಾರಾಂ ವರ್ಷ ತುಂಬುವ ಒಂದು ತಿಂಗಳ ಮುಂಚೆಗಿರಲಿ, ಯಾಕೆಂದರೆ ಕರಾರು ತಾನಾಗಿ ಮುಂದುವರಿಯುತ್ತದೆ.

ಒಳ್ಳೆಯ ಮಾತನ್ನೂ ಹೇಳಬೇಕು. ವಿದ್ಯಾರ್ಥಿ ಲೈಸೆನ್ಸಿನಿಂದ ಮಾಡಿದ ಕೆಲಸಕ್ಕೆ ರೊಕ್ಕ ತೆಗೆದುಕೊಳ್ಳಲು ಅಡ್ಡಿ ಇಲ್ಲ. ಓದುತ್ತಲೇ ಮದುವೆ ಸೀಸನ್‌ನಲ್ಲಿ ಆಲ್ಬಂ ಮಾಡಿಕೊಡುವವರಿಗೆ ಇದು ದೊಡ್ಡ ಅನುಕೂಲ. ಎರಡು ಕಂಪ್ಯೂಟರಿನಲ್ಲಿ ಲಾಗಿನ್ ಇಡಬಹುದು.

ಆದರೆ ಕಂಪ್ಯೂಟರ್ ತಡೆಯಬೇಕು. ಫೋಟೋಶಾಪ್‌ಗೆ ಕನಿಷ್ಠ 8 ಜಿಬಿ ರ‍್ಯಾಮ್ ಎಂದು ಕಂಪನಿ ಹೇಳುತ್ತದೆ, 16 ಜಿಬಿ ಇದ್ದರೆ ಚಲೋ ಎನ್ನುತ್ತದೆ. ಆಲ್ಬಂ ಕೆಲಸಕ್ಕೆ 16ಕ್ಕಿಂತ ಕಡಿಮೆ ಸಾಲುವುದಿಲ್ಲ ಅನ್ನುವುದು ನಮ್ಮ ಖಚಿತ ಅಭಿಪ್ರಾಯ, ಲೆಕ್ಕ ನೋಡಿ: 12×36 ಇಂಚಿನ ಆಲ್ಬಂ ಹಾಳೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆ) 3,600×10,800 ಪಿಕ್ಸೆಲ್. ಅಂದರೆ ಸುಮಾರು 3.9 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಮೂರು ಬೈಟ್ ಹಿಡಿದರೆ ಹಾಳೆ ತುಂಬುವ ಒಂದೇ ಲೇಯರ್ (ಒಂದರ ಮೇಲೊಂದು ಇಡುವ ಪದರ) 117 ಎಂಬಿ. ಅಂಥ ಹತ್ತು ಲೇಯರ್ ಇಟ್ಟರೆ ಒಂದು ಜಿಬಿ ದಾಟಿತು. ಅದರ ಮೇಲೆ ಅನ್‌ಡೂ ಇತಿಹಾಸ, ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರವನ್ನು ಹಾಗೇ ಕಾಪಾಡುವ ಪದರ), ತೆರೆದಿಟ್ಟ ಬ್ರೌಸರ್. 8 ಜಿಬಿಯ ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕನ್ನು ರ‍್ಯಾಮ್‌ನಂತೆ ಬಳಸತೊಡಗುತ್ತದೆ, ಬ್ರಷ್ ಎಳೆದರೆ ಗೆರೆ ಎರಡು ಸೆಕೆಂಡ್ ತಡವಾಗಿ ಬರುತ್ತದೆ. ಫೋಟೋಶಾಪ್‌ನ ಪಿಎಸ್‌ಡಿ ಫೈಲಿಗೆ 2 ಜಿಬಿ ಮಿತಿ ಇದೆ, ಅದು ದಾಟಿದರೆ ದೊಡ್ಡ ಫೈಲಿನ ಪಿಎಸ್‌ಬಿ ಆಗಿ ಉಳಿಸಬೇಕು. ಸಾಫ್ಟ್‌ವೇರಿಗೆ ಕಟ್ಟುವ ರೊಕ್ಕದಲ್ಲಿ ಮೊದಲು ಇನ್ನೊಂದು 8 ಜಿಬಿ ರ‍್ಯಾಮ್ ಮತ್ತು ಹಾರ್ಡ್‌ಡಿಸ್ಕಿಗಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿಕೊಂಡು, ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಕಲಿಯುವುದು ಎಷ್ಟೋ ಮೇಲು.

ಪುಕ್ಕಟೆ ಸಿಗುವವುಗಳಲ್ಲಿ ಈಗ ಮೊದಲ ಹೆಸರು ಅಫಿನಿಟಿ. ಇಂಗ್ಲೆಂಡಿನ ಸೆರಿಫ್ ಕಂಪನಿ ಮಾಡಿದ್ದು. 2024ರಲ್ಲಿ ಕ್ಯಾನ್ವಾ ಕೊಂಡುಕೊಂಡಿತು. 2025ರ ಅಕ್ಟೋಬರ್ ಕೊನೆಗೆ ಫೋಟೋ, ಡಿಸೈನರ್, ಪಬ್ಲಿಷರ್ ಮೂರನ್ನೂ ಒಂದೇ ಆ್ಯಪ್ ಮಾಡಿ ಪುಕ್ಕಟೆ ಬಿಟ್ಟಿತು. ಕ್ಯಾನ್ವಾ ಖಾತೆ ಬೇಕು, ಎಐ ಸೌಲಭ್ಯಗಳಿಗೆ ಮಾತ್ರ ರೊಕ್ಕ. ವಿದ್ಯಾರ್ಥಿ ಎಂದು ಸಾಬೀತು ಮಾಡುವ ತಾಪತ್ರಯ ಇಲ್ಲ. ಲೇಯರ್, ಮಾಸ್ಕ್ (ತಿದ್ದುಪಡಿ ಆರಿಸಿದ ಭಾಗಕ್ಕಷ್ಟೇ ತಟ್ಟುವಂತೆ ಮಾಡುವುದು), ಕರ್ವ್ಸ್ (ಬೆಳಕು ಬಣ್ಣ ತಿದ್ದುವ ಗೆರೆ), ರಾ ಡೆವಲಪ್ (ಕ್ಯಾಮೆರಾದ ಕಚ್ಚಾ ಫೈಲ್ ತಿದ್ದುವುದು), ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣ) ಎಲ್ಲಾ ಇವೆ, ಪಿಎಸ್‌ಡಿ ತೆರೆಯುತ್ತದೆ. ಸಾವಿರ ಫೋಟೋ ಆರಿಸಿ, ಒಂದರ ತಿದ್ದುಪಡಿಯನ್ನು ಉಳಿದವಕ್ಕೆ ಅಂಟಿಸುವ ಲೈಟ್‌ರೂಮಿನಂಥ ಕ್ಯಾಟಲಾಗ್ ಇಲ್ಲ. ಆ ಕೊರತೆಯನ್ನು ಡಾರ್ಕ್‌ಟೇಬಲ್ ತುಂಬುತ್ತದೆ, ಅದೂ ಪುಕ್ಕಟೆ. ಮೊದಲ ವಾರ ತಲೆ ಕೆಡಿಸುತ್ತದೆ, ಮಾಡ್ಯೂಲ್‌ಗಳು, ಅಂದರೆ ಸಲಕರಣೆಗಳು, ಅಷ್ಟಿವೆ. ಎಕ್ಸ್‌ಪೋಷರ್ (ಬೆಳಕು), ಕಲರ್ ಕ್ಯಾಲಿಬ್ರೇಷನ್ (ಬಣ್ಣ), ಕ್ರಾಪ್ (ಕತ್ತರಿಸುವುದು) ಈ ಮೂರನ್ನಷ್ಟೇ ಹಿಡಿದು ಶುರು ಮಾಡಿ. ಗಿಂಪ್ 1990ರ ದಶಕದಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳಿಂದ ಶುರುವಾದದ್ದು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್ ಹಾಕಿದ ಮೇಲೂ ಬಿಚ್ಚಿ ಬದಲಿಸುವ ಅನುಕೂಲ ಕೊನೆಗೂ ಬಂದಿದೆ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಕಾಲೇಜು ಲ್ಯಾಬಿನಲ್ಲಿ ಏನೂ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲವೇ? ಫೋಟೋಪಿಯಾ ಬ್ರೌಸರಿನಲ್ಲೇ ತೆರೆಯುತ್ತದೆ, ಫೋಟೋಶಾಪ್‌ನದೇ ಶಾರ್ಟ್‌ಕಟ್, ಫೈಲ್ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಪಾಸ್‌ಪೋರ್ಟ್ ಫೋಟೋದಂಥ ಸಣ್ಣ ಕೆಲಸಕ್ಕೆ ಸಾಕು: 35×45 ಮಿಲಿಮೀಟರ್ ಅಂದರೆ 300 ಪಿಪಿಐನಲ್ಲಿ 413×531 ಪಿಕ್ಸೆಲ್, 4×6 ಇಂಚಿನ ಕಾಗದವನ್ನು ಅಡ್ಡ ಹಿಡಿದರೆ ಎಂಟು ಕೂರುತ್ತವೆ.

ಇವನ್ನೆಲ್ಲ ಒರೆಗೆ ಹಚ್ಚಲು ನಮ್ಮ ಜಿಲ್ಲೆಯಲ್ಲೇ ಎರಡು ಒಳ್ಳೆಯ ಪರೀಕ್ಷೆಗಳಿವೆ. ಒಂದು ಬಾದಾಮಿಯ ಮೂರನೇ ಗುಹೆ. ಒಳಗೆ ನೆರಳು, ಹೊರಗೆ ಅಗಸ್ತ್ಯ ತೀರ್ಥದ ಮೇಲೆ ಬಿಸಿಲು. ಮಾಮೂಲಿ ಫೋಟೋ ಫೈಲಾದ ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ಕಂಬದ ನೆರಳನ್ನು ಎತ್ತಿದಾಗ ಜೆಪೆಗ್‌ನಲ್ಲಿ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ, ರಾದಲ್ಲಿ ಕಲ್ಲಿನ ಕಣ ಉಳಿಯುತ್ತದೆ. ಕೆಂಪು ಕಲ್ಲಿಗೆ ಬಡಿದು ಬರುವ ಬೆಳಕಿನಿಂದ ನಿಂತವರ ಮುಖಕ್ಕೂ ಕಿತ್ತಳೆ ಬಣ್ಣ ಹತ್ತಿರುತ್ತದೆ. ಇಡೀ ಫೋಟೋದ ವೈಟ್ ಬ್ಯಾಲೆನ್ಸ್ ತಣ್ಣಗೆ, ಅಂದರೆ ನೀಲಿಯ ಕಡೆಗೆ, ಮಾಡಿದರೆ ಕಲ್ಲು ಬೂದಿಯಾಗುತ್ತದೆ. ಮುಖಕ್ಕೆ ಮಾತ್ರ ಮಾಸ್ಕ್ ಹಾಕಿ ಅಲ್ಲಷ್ಟೇ ತಣ್ಣಗೆ ಮಾಡಬೇಕು. ಲೈಟ್‌ರೂಮ್ ಇಲ್ಲಿ ಎಲ್ಲರಿಗಿಂತ ಮುಂದಿದೆ, ವ್ಯಕ್ತಿಯನ್ನೂ ಆಕಾಶವನ್ನೂ ತಾನೇ ಗುರುತಿಸುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಅದೇ ಮಾಸ್ಕನ್ನು ಕೈಯಿಂದ ಬರೆಯಬೇಕು, ನಾಲ್ಕು ನಿಮಿಷ ಹೆಚ್ಚು. ಕಲಿಯುವವರಿಗೆ ಆ ನಾಲ್ಕು ನಿಮಿಷ ನಷ್ಟವಲ್ಲ.

ಎರಡನೆಯದು ಇಳಕಲ್ ಸೀರೆ. ಟೋಪ್ ತೆನಿ ಎಂಬ ವಿನ್ಯಾಸದ ಕೆಂಪು ಸೆರಗನ್ನು ಬಿಸಿಲಲ್ಲಿ ತೆಗೆದರೆ ಫೋಟೋದಲ್ಲಿ ಅದು ಒಂದೇ ಕೆಂಪು ತಗಡಿನಂತೆ ಕಾಣುತ್ತದೆ, ರೇಷ್ಮೆಯ ಎಳೆ ಮಾಯ. ಫೋಕಸ್ ತಪ್ಪಿದೆ ಎಂದು ಹುಡುಗರು ಶಾರ್ಪನಿಂಗ್ ಏರಿಸುತ್ತಾರೆ, ಏನೂ ಆಗುವುದಿಲ್ಲ. ಕಾರಣ ಬೇರೆ: ಆ ಕೆಂಪು ಎಸ್‌ಆರ್‌ಜಿಬಿಯ (ಮಾಮೂಲಿ ಪರದೆಗೆಂದು ಗೊತ್ತು ಮಾಡಿದ ಬಣ್ಣಗಳ ವ್ಯಾಪ್ತಿಯ) ಎಲ್ಲೆ ದಾಟಿದೆ. ಕೆಂಪು ಚಾನೆಲ್ (ಚಿತ್ರದ ಕೆಂಪು ಪಾಲು) ಗರಿಷ್ಠವಾದ 255ಕ್ಕೆ ಹೋಗಿ ಅಂಟಿಕೊಂಡಿದೆ, ಹಸಿರು ಮತ್ತು ನೀಲಿ ಸೊನ್ನೆಗೆ ಇಳಿದಿವೆ, ಎಳೆಯ ನೆರಳು ಬೆಳಕನ್ನು ತೋರಿಸಲು ಮೂರರಲ್ಲಿ ಯಾವುದಕ್ಕೂ ಜಾಗ ಉಳಿದಿಲ್ಲ. ಒಟ್ಟು ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಸರಿ ಕಾಣುತ್ತದೆ, ಕೆಂಪು ಚಾನೆಲ್ ಒಂದನ್ನೇ ತೆರೆದರೆ ಬಲಗೋಡೆಗೆ ಒತ್ತಿ ನಿಂತಿರುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನ ಡೆವಲಪ್‌ನಲ್ಲಿ ಎಸ್ ಕೀ ಒತ್ತಿ ಸಾಫ್ಟ್ ಪ್ರೂಫ್ (ಕೊನೆಗೆ ಬರುವ ಬಣ್ಣವನ್ನು ಮೊದಲೇ ತೋರಿಸುವುದು) ಹಾಕಿ, ಪ್ರೊಫೈಲ್ ಎಸ್‌ಆರ್‌ಜಿಬಿ ಇಡಿ, ಹಿಸ್ಟೋಗ್ರಾಮಿನ ಬಲ ಮೇಲ್ಮೂಲೆಯ ಗುರುತು ಒತ್ತಿದರೆ ಎಲ್ಲೆ ದಾಟಿದ ಜಾಗ ಬಣ್ಣ ಬದಲಿಸಿ ತೋರಿಸುತ್ತದೆ. ಎಕ್ಸ್‌ಪೋಷರ್ 0.3 ಇಳಿಸಿ, ಕೆಂಪಿನ ಸ್ಯಾಚುರೇಶನ್ (ಗಾಢತೆ) 15ರಿಂದ 25, ಲ್ಯೂಮಿನೆನ್ಸ್ (ಹೊಳಪು) 10ರಷ್ಟು ಇಳಿಸಿ. ಎಳೆ ಮತ್ತೆ ಬರುತ್ತದೆ. ಕುಂಕುಮಕ್ಕೂ ತುಟಿಗೂ ಇದೇ ಇಳಿತ ತಟ್ಟದಂತೆ ಸೆರಗಿಗಷ್ಟೇ ಮಾಸ್ಕ್ ಇರಲಿ. ಇದೆಲ್ಲ ಡಾರ್ಕ್‌ಟೇಬಲ್‌ನಲ್ಲೂ ಆಗುತ್ತದೆ, ಅದಕ್ಕೂ ಗ್ಯಾಮಟ್ (ಬಣ್ಣದ ಎಲ್ಲೆ) ಎಚ್ಚರಿಕೆ ಇದೆ. ಆಗದೇ ಇರುವುದು ಅಗ್ಗದ ಲ್ಯಾಪ್‌ಟಾಪ್ ಪರದೆಯಲ್ಲಿ. ‘45% ಎನ್‌ಟಿಎಸ್‌ಸಿ’ (ಕಡಿಮೆ ಬಣ್ಣ ತೋರಿಸುವುದರ ಗುರುತು) ಎಂದು ಬರೆದ ಪರದೆ ಎಸ್‌ಆರ್‌ಜಿಬಿಯೊಳಗೆ ತಂದ ಕೆಂಪನ್ನೂ ತೋರಿಸಲಾರದು, ತೋರದ್ದನ್ನು ತಿದ್ದಲಾಗದು. ‘100% ಎಸ್‌ಆರ್‌ಜಿಬಿ’ ಎಂದಿರುವುದನ್ನೇ ಕೇಳಿ ಕೊಳ್ಳಿ.

ಕನ್ನಡ ಅಕ್ಷರದ ವಿಷಯ ಯಾವ ಜಾಹೀರಾತೂ ಹೇಳುವುದಿಲ್ಲ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಬರೆದರೆ ಒತ್ತಕ್ಷರ ಬಿಡಿ ಬಿಡಿಯಾಗಿ ಬೀಳುತ್ತದೆ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಎಂಜಿನ್ ಆರಿಸಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಹಾಕಿದರೆ ಸರಿಯಾಗುತ್ತದೆ. ಹೊಸ ಆವೃತ್ತಿಗಳಲ್ಲಿ ಈ ಗೋಜು ಇಲ್ಲ. ಗಿಂಪ್ ಮತ್ತು ಇಂಕ್‌ಸ್ಕೇಪ್ (ಚಿತ್ರ ಬರೆಯುವ ಪುಕ್ಕಟೆ ಸಾಫ್ಟ್‌ವೇರ್) ಕನ್ನಡವನ್ನು ಸಲೀಸಾಗಿ ಕೂಡಿಸುತ್ತವೆ. ಅಫಿನಿಟಿಯ ಎರಡನೇ ಆವೃತ್ತಿಯವರೆಗೆ ಭಾರತೀಯ ಲಿಪಿಗಳು ಸರಿ ಬರುತ್ತಿರಲಿಲ್ಲ; ಹೊಸದನ್ನು ಹಾಕಿದ ದಿನವೇ ‘ರಾಷ್ಟ್ರ’, ‘ಸ್ತ್ರೀ’, ‘ಅರ್ಘ್ಯ’ ಮೂರು ಪದ ಬರೆದು ನೋಡಿ. ಒಡೆದರೆ ಇಂಕ್‌ಸ್ಕೇಪ್‌ನಲ್ಲಿ ಬರೆದು, ‘ಆಬ್ಜೆಕ್ಟ್ ಟು ಪಾತ್’ (ಅಕ್ಷರವನ್ನು ಗೆರೆಯ ಆಕಾರ ಮಾಡುವುದು) ಮಾಡಿ, ಎಸ್‌ವಿಜಿ ಫೈಲಾಗಿ ತಂದುಕೊಳ್ಳಿ. ಅಕ್ಷರಗಳಿಗೂ ಕಳ್ಳದಾರಿ ಬೇಡ: ನೋಟೋ, ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ ಎಲ್ಲವೂ ಮುಕ್ತ ಲೈಸೆನ್ಸಿನವು, ವ್ಯಾಪಾರಕ್ಕೂ ಬಳಸಬಹುದು. ಫ್ಲೆಕ್ಸ್ ಅಂಗಡಿಗೆ ಕೊಡುವಾಗ 10×4 ಅಡಿಗೆ 72 ಪಿಪಿಐ, ಅಂದರೆ 8,640×3,456 ಪಿಕ್ಸೆಲ್ ಸಾಕು. ಅಕ್ಷರವನ್ನು ಚಿತ್ರವಾಗಿಸಿ ಕೊಡಿ, ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ.

ಇನ್ನು ಆ ಪೆನ್‌ಡ್ರೈವ್. ಕ್ರ್ಯಾಕ್ (ಬೀಗ ಮುರಿದ ಕಳ್ಳ ಪ್ರತಿ) ಹಾಕುವ ಮುಂಚೆ ಆ್ಯಂಟಿವೈರಸ್ ಆಫ್ ಮಾಡು ಅನ್ನುತ್ತಾರೆ. ಅಲ್ಲಿಗೆ ಬಾಗಿಲು ತೆರೆದಂತೆಯೇ. ಫೈಲ್‌ಗಳಿಗೆ ಬೀಗ ಹಾಕಿ ರೊಕ್ಕ ಕೇಳುವ ‘ಸ್ಟಾಪ್’ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು ಹೆಚ್ಚಾಗಿ ಇಂಥ ಕ್ರ್ಯಾಕ್‌ಗಳ ಮೂಲಕವೇ. ಡಿಸ್ಕಿನಲ್ಲಿ ಯಾರದೋ ಮದುವೆಯ ಎರಡು ಸಾವಿರ ಫೋಟೋ ಇದ್ದಾಗ ಹೀಗಾದರೆ ಆ ಮದುವೆಯನ್ನು ಮತ್ತೆ ಮಾಡಿಸಲಾಗದು. ‘ಲೈಫ್‌ಟೈಮ್ ಫೋಟೋಶಾಪ್ ₹500’ ಎಂದು ಆನ್‌ಲೈನಿನಲ್ಲಿ ಮಾರುವವರದ್ದೂ ಅದೇ ಜಾತಿ. 2013ರಿಂದ ಹೊಸ ಫೋಟೋಶಾಪ್ ಚಂದಾದಲ್ಲೇ ಬರುತ್ತಿದೆ, ಅದಕ್ಕೆ ಲೈಫ್‌ಟೈಮ್ ಲೈಸೆನ್ಸ್ ಎಂಬುದೇ ಇಲ್ಲ. ಕಾನೂನಿನ ಕಡೆ, 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಕಳ್ಳ ಪ್ರತಿ ಎಂದು ತಿಳಿದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, ₹50,000ದಿಂದ ₹2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೆ ಬಳಸಿಲ್ಲವಾದರೆ ಕೋರ್ಟು ಸೆರೆ ಬಿಟ್ಟು ₹50,000ದವರೆಗಿನ ದಂಡ ಮಾತ್ರ ಹಾಕಬಹುದು. ಸ್ಟುಡಿಯೋ ಇಟ್ಟವರಿಗೆ ಆ ವಿನಾಯಿತಿ ಇಲ್ಲ.

ಕಲಿಸುವ ಕೇಂದ್ರಗಳ ಬಗ್ಗೆ ಒಂದು ಮಾತು. 2002ರ ಫೋಟೋಶಾಪ್ 7.0 ಮತ್ತು 2004ರಲ್ಲೇ ನಿಂತುಹೋದ, ಪುಟ ಕಟ್ಟುವ ಪೇಜ್‌ಮೇಕರ್ ಇನ್ನೂ ಪಾಠಪಟ್ಟಿಯಲ್ಲಿದ್ದರೆ ಫೀ ಕೊಡುವ ಮುಂಚೆ ಯೋಚಿಸಿ. ಲೇಯರ್, ಮಾಸ್ಕ್, ಕರ್ವ್ಸ್, ಹೀಲಿಂಗ್ ಬ್ರಷ್ (ಕಲೆ ಅಳಿಸುವುದು) 7.0ರಲ್ಲೂ ಇವೆ, ಆ ಮಟ್ಟಿಗೆ ಕಲಿಕೆ ವ್ಯರ್ಥವಲ್ಲ. ಆದರೆ ಸ್ಮಾರ್ಟ್ ಆಬ್ಜೆಕ್ಟ್ ಬಂದದ್ದು 2005ರಲ್ಲಿ, ಕಂಟೆಂಟ್ ಅವೇರ್ ಫಿಲ್ (ಅಳಿಸಿದ ಜಾಗವನ್ನು ತಾನೇ ತುಂಬುವುದು) 2010ರಲ್ಲಿ. ಮೂಲ ಫೋಟೋ ಕೆಡಿಸದೆ ತಿದ್ದುವ ಇವತ್ತಿನ ಪದ್ಧತಿ ಪೂರ್ತಿ ಅದರ ಆಚೆಗಿದೆ. ‘ರಾ ಫೈಲ್ ತೆರೆದು ತೋರಿಸ್ರಿ ಸರ್’ ಎಂದು ಒಮ್ಮೆ ಕೇಳಿ ನೋಡಿ, ಕೇಂದ್ರದ ಮಟ್ಟ ತಿಳಿಯುತ್ತದೆ.

ವಿದ್ಯಾರ್ಥಿ ಪ್ಲ್ಯಾನ್ ತೆಗೆದುಕೊಂಡವರು ಕೊನೆಯ ಸೆಮಿಸ್ಟರಿನಲ್ಲಿ ಮಾಡಿಟ್ಟುಕೊಳ್ಳಬೇಕಾದ ಕೆಲಸ ಒಂದಿದೆ. ಕಾಲೇಜಿನ ಮೇಲ್‌ನಿಂದ ಖಾತೆ ತೆರೆದಿದ್ದರೆ, ಕಾಲೇಜು ಅದನ್ನು ಮುಚ್ಚುವ ಮುಂಚೆ ಖಾತೆಯನ್ನು ಸ್ವಂತ ಮೇಲ್‌ಗೆ ಬದಲಿಸಿ. ಚಂದಾ ಮುಗಿದ ಮೇಲೂ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ. ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಡೆವಲಪ್ ಮತ್ತು ಮ್ಯಾಪ್ ವಿಭಾಗಗಳಿಗೆ ಮಾತ್ರ ಬೀಗ ಬಿದ್ದಿರುತ್ತದೆ. ಅದಕ್ಕೆ ಮುಂಚೆ ಎಲ್ಲ ರಾ ಫೋಟೋ ಆರಿಸಿ ಕಂಟ್ರೋಲ್ ಎಸ್ ಒತ್ತಿದರೆ ತಿದ್ದುಪಡಿಗಳು ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಸಣ್ಣ ಫೈಲುಗಳಾಗಿ ಕೂರುತ್ತವೆ. ಡಾರ್ಕ್‌ಟೇಬಲ್ ಅವುಗಳಲ್ಲಿ ಸ್ಟಾರ್, ಟ್ಯಾಗ್, ಕ್ರಾಪ್‌ನಂಥವನ್ನು ಓದಿಕೊಳ್ಳುತ್ತದೆ, ಬಣ್ಣದ ಕೆಲಸವನ್ನು ಪೂರ್ತಿ ಓದಲಾರದು. ಆದ್ದರಿಂದ ನಿಮ್ಮ ಅತ್ಯುತ್ತಮ ನೂರಿನ್ನೂರು ಚಿತ್ರಗಳನ್ನು ಗುಣ ಕೆಡದ 16 ಬಿಟ್ ಟಿಫ್ ಫೈಲಾಗಿ, ಲೇಯರ್ ಇರುವುದನ್ನು ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಗುರುತು ಹಾಕಿದ ಪಿಎಸ್‌ಡಿ ಆಗಿ ಉಳಿಸಿ, ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇಡಿ. ಅದು ಮುಗಿದ ಮೇಲೆ ಪ್ಲ್ಯಾನ್ ನಿಲ್ಲಿಸಿ, ಬ್ಯಾಂಕಿನ ಆ್ಯಪ್‌ನಲ್ಲಿ ಆಟೋ ಪೇ ಒಪ್ಪಿಗೆಯೂ ಹೋಗಿದೆಯೇ ಎಂದು ನೋಡಿ.